ಸ್ಕ್ರೀನ್ ರೀಡರ್‌ಗೆ ಕನ್ನಡ ಓದಲು ಬರುತ್ತದೆ, ನಾವು ಸರಿಯಾಗಿ ಟೈಪ್ ಮಾಡಿದರೆ

ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ವಿಷಯಗಳು. ನಮಗೆ ಐಸಿಟಿ ಅಂತ ಒಂದು ಪತ್ರಿಕೆ ಇದೆ, ಸಮನ್ವಯ ಶಿಕ್ಷಣ ಅಂತ ಇನ್ನೊಂದು. ಮೊದಲನೆಯದರಲ್ಲಿ ಪಿಪಿಟಿ ಮಾಡುವುದು, ಪ್ರೊಜೆಕ್ಟರ್ ಜೋಡಿಸುವುದು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೋ ತೆಗೆಯುವುದು ಕಲಿಸುತ್ತಾರೆ. ಎರಡನೆಯದರಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬರುತ್ತದೆ. 1995ರ ಕಾಯ್ದೆಯಲ್ಲಿ 7 ಇದ್ದ ವಿಕಲತೆಯ ಬಗೆಗಳು ಈಗ 21 ಆಗಿವೆ, ಅವನ್ನು ಸಾಲಾಗಿ ಬರೆಯಬೇಕು. ಎರಡಕ್ಕೂ ಬೇರೆ ಬೇರೆ ರೆಕಾರ್ಡ್, ಬೇರೆ ಬೇರೆ ಮೇಡಂ. ಇಂಟರ್ನ್‌ಶಿಪ್‌ಗೆ ಅಂತ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದ ಮೇಲೆ ನನಗೆ ಇವೆರಡೂ ಒಂದೇ ವಿಷಯ ಅನ್ನಿಸಿದೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಆ ಶಾಲೆಯ ಒಂಬತ್ತನೇ ತರಗತಿಯಲ್ಲಿ ಪೂರ್ತಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಳು. ಅವಳು ಏಳನೇ ಕ್ಲಾಸಿನವರೆಗೆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಓದಿ, ಆಮೇಲೆ ಮನೆಯ ಹತ್ತಿರದ ಶಾಲೆಗೆ ಬಂದವಳು. ಬ್ರೈಲ್ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಅಣ್ಣನ ಫೋನಿನಲ್ಲಿ ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಎಲ್ಲವನ್ನೂ ತಾನೇ ಮಾಡುತ್ತಾಳೆ. ಬೆರಳು ಬಲಕ್ಕೆ ಸರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅವಳು ಆ ವೇಗದಲ್ಲಿ ಫೋನ್ ಬಳಸುವುದನ್ನು ನೋಡಿದರೆ ತಂತ್ರಜ್ಞಾನ ಕಲಿಯಬೇಕಾದ್ದು ಅವಳಲ್ಲ, ಅವಳಿಗೆ ಪಾಠ ಮಾಡುವ ನಾವು ಅಂತ ಯಾರಿಗಾದರೂ ಅನ್ನಿಸುತ್ತದೆ.

ಇಂಟರ್ನ್‌ಶಿಪ್‌ಗೆ ಸ್ವಲ್ಪ ಮುಂಚೆ ನಮಗೆ ಒಂದು ತರಬೇತಿ ಇತ್ತು. ಹೇಳಿಕೊಡಲು ಬಂದ ಸರ್ ಸ್ವತಃ ಅಂಧರು. ಲ್ಯಾಪ್‌ಟಾಪ್ ತೆರೆದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಕಂಪ್ಯೂಟರ್ ಸ್ಕ್ರೀನ್ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ತೋರಿಸಿದರು. ಇದು ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರು, ಆಮೇಲೆ ಅವರ ಗೆಳೆಯ ಜೇಮ್ಸ್ ಟೇ ಸೇರಿಕೊಂಡರು. ಇಬ್ಬರೂ ಅಂಧರೇ. ಆಗ ಸಿಗುತ್ತಿದ್ದ ಒಳ್ಳೆಯ ಸ್ಕ್ರೀನ್ ರೀಡರ್‌ಗಳ ಬೆಲೆ ಸಾಮಾನ್ಯ ಜನರ ಕೈಗೆ ಎಟುಕುವಂತಿರಲಿಲ್ಲ, ಅದಕ್ಕೇ ತಾವೇ ಮಾಡಿದರು. ಇದರ ಜೊತೆಗೆ ಬರುವ ಇಸ್ಪೀಕ್ ಅನ್ನುವ ಧ್ವನಿ ಕನ್ನಡವನ್ನೂ ಓದುತ್ತದೆ. ಮೊದಲ ಸಲ ಕೇಳಿದವರಿಗೆ ಆ ಧ್ವನಿ ಯಂತ್ರದ ಹಾಗೆ ಒರಟಾಗಿ ಕೇಳುತ್ತದೆ. ಅದು ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ, ಲೆಕ್ಕ ಹಾಕಿ ಹುಟ್ಟಿಸಿದ ಸದ್ದು. ಆದರೆ ಎಷ್ಟು ವೇಗ ಮಾಡಿದರೂ ಅಕ್ಷರ ಸ್ಪಷ್ಟವಾಗಿರುತ್ತದೆ. ಸರ್ ಕೇಳುತ್ತಿದ್ದ ವೇಗದಲ್ಲಿ ನಮಗ್ಯಾರಿಗೂ ಒಂದು ಪದವೂ ಹಿಡಿಯಲಿಲ್ಲ, ಅವರು ಆರಾಮಾಗಿ ಕೇಳುತ್ತಾ ನಮ್ಮ ಜೊತೆ ಮಾತಾಡುತ್ತಿದ್ದರು.

ಆಮೇಲೆ ನಮ್ಮದೇ ಒಂದು ಫೈಲ್ ಕೊಡಿ ಅಂದರು. ನಮ್ಮ ಬ್ಯಾಚಿನಲ್ಲಿ ಎಲ್ಲರ ಕೈಯಲ್ಲಿ ಓಡಾಡುತ್ತಿದ್ದ ಒಂದು ಕನ್ನಡ ನೋಟ್ಸ್ ಕೊಟ್ಟೆವು. ಸ್ಕ್ರೀನ್ ಮೇಲೆ ಚೆಂದದ ಕನ್ನಡ. ಎನ್‌ವಿಡಿಎ ಓದಿದ್ದು ಮಾತ್ರ ಪಿ, ಕ್ಯೂ, ಪೌಂಡ್ ಅಂತ ಏನೇನೋ. ನಾನು "ಸರ್, ಇದು ಕನ್ನಡವೇ, ಇಲ್ಲಿ ಸರಿಯಾಗಿ ಕಾಣಿಸ್ತಿದೆ" ಅಂದೆ. ಅವರು ಹೇಳಿದರು, "ನಿಮ್ಮ ಕಣ್ಣಿಗೆ ಕನ್ನಡ ಮೇಡಂ. ಕಂಪ್ಯೂಟರ್‌ಗೆ ಅದು ಇಂಗ್ಲಿಷ್."

ಇದು ನಿಜಕ್ಕೂ ಎಲ್ಲ ಕನ್ನಡ ಶಿಕ್ಷಕರಿಗೆ ಗೊತ್ತಿರಬೇಕಾದ ವಿಷಯ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಕನ್ನಡ ಬೆಳೆದ ಹೊಸದರಲ್ಲಿ ನುಡಿ, ಬರಹದಂಥ ತಂತ್ರಾಂಶಗಳು ದೊಡ್ಡ ಕೆಲಸ ಮಾಡಿದವು. ಅವು ಇಲ್ಲದಿದ್ದರೆ ಕಚೇರಿಗಳಲ್ಲಿ, ಪ್ರೆಸ್‌ಗಳಲ್ಲಿ ಕನ್ನಡ ಟೈಪ್ ಆಗುವುದೇ ಕಷ್ಟವಿತ್ತು. ಆದರೆ ಆಗಿನ ಫಾಂಟ್‌ಗಳು ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಬರೆದರೆ ಫೈಲಿನ ಒಳಗೆ ಉಳಿಯುವುದು ಬೇರೆಯೇ. ಅಲ್ಲಿ ಕ ಕಾರ ಇರುವುದು ಇಂಗ್ಲಿಷ್‌ನ ದೊಡ್ಡ ಪಿ ಜಾಗದಲ್ಲಿ, ನ ಕಾರ ಪೌಂಡ್ ಗುರುತಿನ ಜಾಗದಲ್ಲಿ, ಡ ಕಾರ ಚಿಕ್ಕ ಕ್ಯೂ ಜಾಗದಲ್ಲಿ. ತಲಕಟ್ಟಿಗೆ ಮತ್ತೊಂದು ಗುರುತು. ಫಾಂಟ್ ಇದ್ದರೆ ನಮಗೆ ಕನ್ನಡ ಕಾಣಿಸುತ್ತದೆ. ಸ್ಕ್ರೀನ್ ರೀಡರ್ ಫಾಂಟ್ ನೋಡುವುದಿಲ್ಲ, ಒಳಗಿರುವ ಸಂಕೇತವನ್ನು ಓದುತ್ತದೆ. ಅದಕ್ಕೇ ಪಿ, ಪೌಂಡ್, ಕ್ಯೂ.

ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ವ್ಯವಸ್ಥೆಯಲ್ಲಿ, ಹಾಗಲ್ಲ. ಅಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. 1991ರ ಮೊದಲ ಆವೃತ್ತಿಯಿಂದಲೇ ಇದೆ. ಯೂನಿಕೋಡ್‌ನಲ್ಲಿ ಬರೆದ ಕ ಕಾರ ಯಾವ ಫಾಂಟ್ ಹಾಕಿದರೂ ಕ ಕಾರವೇ. ಸ್ಕ್ರೀನ್ ರೀಡರ್ ಓದುತ್ತದೆ, ಗೂಗಲ್ ಹುಡುಕುತ್ತದೆ, ಬ್ರೈಲ್‌ಗೆ ಬದಲಿಸುವ ತಂತ್ರಾಂಶಕ್ಕೆ ಕೊಟ್ಟರೆ ಬ್ರೈಲ್ ಆಗುತ್ತದೆ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ನಲ್ಲಿ ಟೈಪ್ ಮಾಡುವ ಸೌಲಭ್ಯ ಬಂದು ಎಷ್ಟೋ ಕಾಲ ಆಗಿದೆ. ಆದರೂ ಹಳೆಯ ಫಾಂಟಿನ ಪ್ರಶ್ನೆಪತ್ರಿಕೆ, ನೋಟ್ಸ್, ಪಾಠಯೋಜನೆಗಳು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಇನ್ನೂ ಓಡಾಡುತ್ತಲೇ ಇವೆ, ಯಾಕೆಂದರೆ ಪ್ರಿಂಟ್ ತೆಗೆದು ಹಂಚುವವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಆ ಹುಡುಗಿಗೆ. ಅವಳಿಗೆ ವಾಟ್ಸಾಪ್‌ನಲ್ಲಿ ಬಂದ ಆ ನೋಟ್ಸ್ ಖಾಲಿ ಹಾಳೆ ಕೂಡ ಅಲ್ಲ, ಬರೀ ಗದ್ದಲ.

ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಂದು ಸಲ ಓದಲೇಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಏನೋ ಅಕ್ಷರಗಳಾಗಿಬಿಡುತ್ತವೆ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಇನ್ನೊಂದು ಸಣ್ಣ ವಿಷಯ ಇದೆ, ಇದನ್ನು ಆ ಸರ್ ಹೇಳದಿದ್ದರೆ ನನಗೆ ಜನ್ಮದಲ್ಲೂ ಹೊಳೆಯುತ್ತಿರಲಿಲ್ಲ. ನಮ್ಮ ಅನುಸ್ವಾರವೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ ಥರ. ಕೆಲವರು "ಅಂಕ" ಅಂತ ಬರೆಯುವಾಗ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿಬಿಡುತ್ತಾರೆ. ಕಣ್ಣಿಗೆ ಏನೂ ತಪ್ಪಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಅ, ಸೊನ್ನೆ, ಕ ಅಂತ ಪದವನ್ನೇ ಮುರಿದು ಓದುತ್ತದೆ. ಇಡೀ ಪುಟದಲ್ಲಿ ಹೀಗೇ ಆದರೆ ಕೇಳುವ ಮಗು ಎಷ್ಟು ಹೊತ್ತು ತಾಳ್ಮೆಯಿಂದ ಕೂರುತ್ತದೆ?

ಪುಟವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸುವುದೂ ಇದೇ ಸಮಸ್ಯೆ. ಅದು ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ. ಅಚ್ಚಾದ ಪುಸ್ತಕದ ಪುಟ ನೆಟ್ಟಗಿದ್ದು ಬೆಳಕು ಚೆನ್ನಾಗಿದ್ದರೆ ಫಲಿತಾಂಶ ಪರವಾಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುತ್ತದೆ, ಅಷ್ಟು ತಿದ್ದಿಕೊಳ್ಳಬೇಕು.

ಶೀರ್ಷಿಕೆಗಳ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ವರ್ಡ್‌ನಲ್ಲಿ ಶೀರ್ಷಿಕೆ ಅಂದರೆ ಅಕ್ಷರ ದಪ್ಪ ಮಾಡಿ, ದೊಡ್ಡದು ಮಾಡಿ ಬಿಡುತ್ತೇವೆ. ಅದರ ಬದಲು ಹೆಡಿಂಗ್ ಅನ್ನುವ ಸ್ಟೈಲ್ ಹಾಕಿದರೆ ಎನ್‌ವಿಡಿಎ ಬಳಸುವ ಮಗು ಎಚ್ ಕೀ ಒತ್ತುತ್ತಾ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ನಾವು ಪುಟ ತಿರುವಿ ಬೇಕಾದ ಭಾಗ ಹುಡುಕುತ್ತೇವಲ್ಲ, ಅವಳಿಗೂ ಅದು ಬೇಡವಾ? ಇಲ್ಲದಿದ್ದರೆ ಹತ್ತು ಪುಟದ ನೋಟ್ಸ್‌ನಲ್ಲಿ ಕೊನೆಯ ಪ್ರಶ್ನೆ ಬೇಕಾದರೂ ಮೊದಲಿನಿಂದ ಕೇಳಿಕೊಂಡು ಬರಬೇಕು.

ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕ ಪಾಠಗಳಲ್ಲಿ ಕರ್ನಾಟಕದ ನದಿಗಳೂ ಇದ್ದವು. ನಕ್ಷೆ ಇಲ್ಲದೆ ಆ ಪಾಠವೇ ಇಲ್ಲ. ಸ್ಮಾರ್ಟ್ ಕ್ಲಾಸ್ ಕೊಠಡಿ ಇತ್ತು, ಪ್ರೊಜೆಕ್ಟರ್‌ನಲ್ಲಿ ಬಣ್ಣದ ನಕ್ಷೆ ಹಾಕಿದರೆ ಉಳಿದವರಿಗೆಲ್ಲ ಆಯಿತು. ಅವಳಿಗೆ ಸ್ಕ್ರೀನ್ ರೀಡರ್ ಕೂಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ ಬರೆಯಬಹುದು, ಬರೆದೆ ಕೂಡ, ಆದರೆ ಕಾವೇರಿ ಕೊಡಗಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ ಅನ್ನುವ ವಾಕ್ಯಕ್ಕೂ ಆ ಹರಿವಿನ ದಾರಿಯನ್ನು ಬೆರಳಲ್ಲಿ ಹಿಡಿಯುವುದಕ್ಕೂ ತುಂಬಾ ದೂರ. ಹಾಗಾಗಿ ಮುಟ್ಟಿ ನೋಡುವ ನಕ್ಷೆ ಮಾಡಬೇಕಾಯಿತು.

ತಾಲ್ಲೂಕಿನ ಬಿಐಇಆರ್‌ಟಿ ಸರ್ ಒಮ್ಮೆ ಶಾಲೆಗೆ ಬಂದಿದ್ದರು. ಅಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಅವರು, ಬ್ಲಾಕಿನ ಎಷ್ಟೋ ಶಾಲೆಗಳನ್ನು ಸುತ್ತಬೇಕು. ಅವರು ಕೊಟ್ಟ ಸಲಹೆ ಒಂದೇ ಮಾತಿನದು: "ಒಂದು ನಕ್ಷೆಯಲ್ಲಿ ಒಂದೇ ವಿಷಯ ಇಡಿ." ನಮ್ಮ ಅಚ್ಚಿನ ನಕ್ಷೆಯಲ್ಲಿ ಜಿಲ್ಲೆ, ನದಿ, ಅಣೆಕಟ್ಟು, ರೈಲು ದಾರಿ ಎಲ್ಲ ಒಟ್ಟಿಗೆ ಇರುತ್ತವೆ. ಕಣ್ಣು ಅವನ್ನು ಒಂದೇ ನೋಟದಲ್ಲಿ ಬೇರೆ ಮಾಡಿಕೊಳ್ಳುತ್ತದೆ. ಬೆರಳಿಗೆ ಅದು ಆಗದು. ಎರಡು ಗೆರೆ ತೀರಾ ಹತ್ತಿರ ಬಂದರೆ ಬೆರಳಿಗೆ ಒಂದೇ ಗೆರೆ. ಹಾಗಾಗಿ ಜಿಲ್ಲೆಯ ಗಡಿಗಳನ್ನೆಲ್ಲ ತೆಗೆದುಬಿಟ್ಟೆ. ದಪ್ಪ ರಟ್ಟಿನ ಮೇಲೆ ರಾಜ್ಯದ ಗಡಿಗೆ ದಪ್ಪ ಹುರಿ, ನದಿಗೆ ತೆಳು ದಾರ, ಫೆವಿಕಾಲ್ ಹಾಕಿ ಅಂಟಿಸಿದೆ. ಪಶ್ಚಿಮ ಘಟ್ಟಕ್ಕೆ ಒರಟಾದ ಸ್ಯಾಂಡ್‌ಪೇಪರ್ ಪಟ್ಟಿ, ಅದರ ಕೆಳಗೆ ರಟ್ಟಿನ ಇನ್ನೆರಡು ಪದರ ಕೊಟ್ಟು ಎತ್ತರ ಮಾಡಿದೆ. ಊರುಗಳಿಗೆ ತೊಗರಿಬೇಳೆ. ನಕ್ಷೆಯ ಮೇಲ್ತುದಿಯ ಬಲಮೂಲೆಯನ್ನು ಕತ್ತರಿಸಿದೆ, ಯಾವ ಕಡೆ ಹಿಡಿದರೂ ಉತ್ತರ ಯಾವುದು ಅಂತ ಕೈಗೆ ಗೊತ್ತಾಗಲಿ ಅಂತ.

ಹೆಸರು ಬ್ರೈಲ್‌ನಲ್ಲಿ ಬೇಕಿತ್ತು. ಅದಕ್ಕೆ ಅವಳೇ ನನ್ನ ಟೀಚರ್. ಬ್ರೈಲ್ ಸ್ಲೇಟ್, ಸ್ಟೈಲಸ್ ಅವಳ ಬ್ಯಾಗ್‌ನಲ್ಲೇ ಇತ್ತು. ಹಿಂದಿನಿಂದ ಚುಚ್ಚುವುದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ಹಾಳೆ ತಿರುಗಿಸಿ ಓದುವಾಗ ಎಡದಿಂದ ಬಲಕ್ಕೆ. ಆರು ಚುಕ್ಕಿಗಳ ಒಂದೊಂದು ಮನೆ. ಭಾರತದ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಅ ಅಂದರೆ ಮೊದಲನೆಯ ಚುಕ್ಕಿ ಒಂದೇ. ಕ ಅಂದರೆ 1 ಮತ್ತು 3. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ಗುಣಿತದ ಗುರುತುಗಳು ಮೇಲೆ, ಪಕ್ಕ, ಕೆಳಗೆ ಅಂತ ಎಲ್ಲ ಕಡೆ ಅಂಟಿಕೊಳ್ಳುತ್ತವೆ. ಬ್ರೈಲ್‌ನಲ್ಲಿ ಎಲ್ಲ ಒಂದೇ ಸಾಲು. "ಮಕ್ಕಳು" ಅಂತ ಬರೆಯಲು ಮ, ಆಮೇಲೆ ಮುಂದಿನ ವ್ಯಂಜನ ಅರ್ಧ ಅಂತ ಹೇಳಲು 4ನೇ ಚುಕ್ಕಿ, ಆಮೇಲೆ ಕ, ಕ, ಳ, ಕೊನೆಗೆ ಉ. "ಮಿಸ್, ನಿಧಾನ, ಚುಕ್ಕಿ ಮುಟ್ಟಿ ನೋಡಿ, ನೋಡ್ಕೊಂಡು ಓದ್ಬೇಡಿ" ಅಂತ ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು. ನಕ್ಷೆಯಲ್ಲಿ ಪೂರ್ತಿ ಹೆಸರಿಗೆ ಜಾಗ ಸಾಲುವುದಿಲ್ಲ. ಅದಕ್ಕೆ ಕಾವೇರಿಗೆ ಕಾ, ಕೃಷ್ಣೆಗೆ ಕೃ, ಶರಾವತಿಗೆ ಶ ಅಂತ ಗುರುತು ಹಾಕಿ, ಬೇರೆ ಹಾಳೆಯಲ್ಲಿ ಪೂರ್ತಿ ಹೆಸರು ಬರೆದೆವು.

ಪಾಠದ ದಿನ ಅವಳು ಎರಡೂ ಕೈಯಲ್ಲಿ ಮೊದಲು ಇಡೀ ಗಡಿ ಸುತ್ತಿದಳು. ಅದಕ್ಕೆ ಸಮಯ ಕೊಡಬೇಕು, ಅವಸರ ಮಾಡಬಾರದು. ಆಮೇಲೆ ಘಟ್ಟದ ಒರಟು ಪಟ್ಟಿ ಸಿಕ್ಕಿತು. ಅಲ್ಲಿಂದ ಎಡಕ್ಕೆ ಶರಾವತಿಯ ದಾರ ಹಿಡಿದಳು, ಬೆರಳು ಸ್ವಲ್ಪ ಸರಿಯುವಷ್ಟರಲ್ಲಿ ಸಮುದ್ರ ಬಂತು. "ಮಿಸ್, ಶರಾವತಿ ಇಷ್ಟೇನಾ?" ಅಂದಳು. ಇಷ್ಟೇ. ಸುಮಾರು 128 ಕಿಲೋಮೀಟರ್. ಆಮೇಲೆ ಕಾವೇರಿ ಹಿಡಿದು ಬಲಕ್ಕೆ ಹೋದಳು, ರಾಜ್ಯದ ಗಡಿ ದಾಟಿ ದಾರ ಇನ್ನೂ ಮುಂದಕ್ಕೆ ಹೋಗುತ್ತಲೇ ಇತ್ತು. ಎರಡೂ ನದಿ ಅದೇ ಒರಟು ಪಟ್ಟಿಯ ಹತ್ತಿರ ಹುಟ್ಟಿ, ಒಂದು ಇಳಿಜಾರಿನಲ್ಲಿ ಬೇಗ ಸಮುದ್ರ ಸೇರುತ್ತದೆ, ಇನ್ನೊಂದು ಸುಮಾರು 800 ಕಿಲೋಮೀಟರ್ ಹರಿದು ಇನ್ನೊಂದು ಸಮುದ್ರಕ್ಕೆ ಹೋಗುತ್ತದೆ. ಯಾಕೆ ಅಂತ ನಾನು ಕೇಳುವ ಮೊದಲೇ ಅವಳು ಘಟ್ಟದ ಎತ್ತರ ಮುಟ್ಟಿ "ಇದು ಈ ಕಡೆ ಅಂಚಿಗೇ ಇದೆ ಅಲ್ವಾ, ಅದಕ್ಕೆ" ಅಂದಳು. ಪಠ್ಯದಲ್ಲಿ ಪೂರ್ವಕ್ಕೆ ಹರಿಯುವ ನದಿಗಳು, ಪಶ್ಚಿಮಕ್ಕೆ ಹರಿಯುವ ನದಿಗಳು ಅಂತ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯ ಹಿಂದಿನ ಕಾರಣ ಅವಳ ಕೈಗೇ ಸಿಕ್ಕಿತು.

ಇದರಲ್ಲಿ ಕರೆಂಟ್‌ನಿಂದ ನಡೆಯುವಂಥದ್ದು ಒಂದೂ ಇಲ್ಲ. ಆದರೂ ನಾನು ಇದನ್ನು ಸಹಾಯಕ ತಂತ್ರಜ್ಞಾನ ಅಂತಲೇ ನನ್ನ ರೆಕಾರ್ಡ್‌ನಲ್ಲಿ ಬರೆದಿದ್ದೇನೆ, ಐಸಿಟಿ ಮೇಡಂ ಒಪ್ಪಿದರು.

ಅದೇ ತರಗತಿಯಲ್ಲಿ ಶ್ರವಣ ಸಾಧನ ಹಾಕುವ ಒಬ್ಬ ಹುಡುಗ ಇದ್ದ. ಕನ್ನಡಕ ಹಾಕಿದರೆ ಕಣ್ಣು ಸರಿ ಆದ ಹಾಗೆ ಸಾಧನ ಹಾಕಿದರೆ ಕಿವಿ ಸರಿ ಆಯಿತು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. ಸಾಧನ ನನ್ನ ದನಿಯ ಜೊತೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಹೊರಗಿನ ಟ್ರ್ಯಾಕ್ಟರ್ ಸದ್ದನ್ನೂ ದೊಡ್ಡದು ಮಾಡುತ್ತದೆ. ದೂರ ಎರಡು ಪಟ್ಟು ಆದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಕಡಿಮೆ ಆಗುತ್ತದೆ. ಹಿಂದಿನ ಬೆಂಚಿಗೆ ಹೋಗುವಷ್ಟರಲ್ಲಿ ನನ್ನ ದನಿ ಮತ್ತು ಫ್ಯಾನಿನ ಸದ್ದು ಸಮ. ಟೀಚರ್ ಬಾಯಿಯ ಹತ್ತಿರ ಸಣ್ಣ ಮೈಕ್ ಹಾಕಿ ದನಿಯನ್ನು ನೇರ ಸಾಧನಕ್ಕೆ ಕಳಿಸುವ ಎಫ್ಎಂ ವ್ಯವಸ್ಥೆ ಇದೆ, ನಮ್ಮ ಶಾಲೆಯಲ್ಲಿ ಇರಲಿಲ್ಲ. ಅವನನ್ನು ಮುಂದೆ ಕೂರಿಸಿ, ಬೋರ್ಡ್ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟರೆ ಅರ್ಧ ದಾರಿ ಆಗುತ್ತದೆ, ಯಾಕೆಂದರೆ ಅವನು ತುಟಿಯನ್ನೂ ನೋಡುತ್ತಾನೆ. ಹಿಂದಿನ ಬೆಂಚಿನ ಹುಡುಗರು ಉತ್ತರ ಹೇಳಿದರೆ ಅದನ್ನು ನಾನು ಇನ್ನೊಮ್ಮೆ ಹೇಳಬೇಕು.

ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕೂಡ ನೋಡಿದೆವು, 2019ರಲ್ಲಿ ಬಂದದ್ದು. ಮಾತನ್ನು ಆಗಿಂದಾಗಲೇ ಅಕ್ಷರ ಮಾಡಿ ತೋರಿಸುತ್ತದೆ, ಕನ್ನಡವೂ ಇದೆ. ಒಬ್ಬರೇ ಹತ್ತಿರದಿಂದ ಮಾತಾಡಿದರೆ ಚೆನ್ನಾಗಿ ಬರುತ್ತದೆ. ತುಂಬಿದ ತರಗತಿಯಲ್ಲಿ ತಪ್ಪು ಜಾಸ್ತಿ. ಹಾಗಾಗಿ ಪಾಠದ ಹೊತ್ತಿಗಿಂತ ಪಾಠ ಮುಗಿದ ಮೇಲೆ ಅವನ ಜೊತೆ ಒಬ್ಬಳೇ ಕೂತು ಮಾತಾಡುವಾಗ ಅದು ನನಗೆ ಜಾಸ್ತಿ ಸಹಾಯಕ್ಕೆ ಬಂತು.

ದೃಷ್ಟಿ ಕಡಿಮೆ ಇರುವ ಮಕ್ಕಳಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಕೊಡಿ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಕನ್ನಡಕ್ಕೆ ಅಷ್ಟು ಸಾಲದು. ಅಕ್ಷರ ದೊಡ್ಡದಾದರೂ ಒತ್ತು ಅದರ ಕೆಳಗೆ ಸಣ್ಣದಾಗೇ ಇರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ ಹೆಚ್ಚಿಸಿ, ತೆಳು ಗೆರೆಯ ಅಲಂಕಾರದ ಫಾಂಟ್ ಬಿಟ್ಟು ಒಂದೇ ದಪ್ಪದ ಸರಳ ಫಾಂಟ್ ಹಾಕಿ. ಪಿಪಿಟಿಯಲ್ಲಿ ಹಸಿರಿನ ಮೇಲೆ ಕೆಂಪು ಬೇಡ.

ಕಾನೂನು ನಮ್ಮ ಕಡೆಗೇ ಇದೆ ಅನ್ನುವುದನ್ನೂ ನೆನಪಿಡಬೇಕು. ಕೆಲವರು "ಪಠ್ಯವನ್ನು ಹೀಗೆ ಟೈಪ್ ಮಾಡಿ ಕೊಟ್ಟರೆ ಕಾಪಿರೈಟ್ ತೊಂದರೆ ಆಗಲ್ವಾ" ಅಂತ ಹೆದರುತ್ತಾರೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಮಾಡಿ, ಅಚ್ಚಿನ ಪುಸ್ತಕ ಓದಲಾಗದವರಿಗೆ ಅವರು ಓದಬಲ್ಲ ರೂಪದಲ್ಲಿ ಲಾಭವಿಲ್ಲದೆ ಮಾಡಿಕೊಡಲು ಅವಕಾಶ ಕೊಟ್ಟಿದ್ದಾರೆ. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಯಿತು, ಅಂಧ ವಿದ್ಯಾರ್ಥಿಗಳು ನೋಂದಾಯಿಸಿಕೊಂಡು ಪುಸ್ತಕ ಇಳಿಸಿಕೊಳ್ಳಬಹುದು. ನಿಮ್ಮ ಶಾಲೆಯಲ್ಲಿ ಅಂಥ ಮಗು ಇದ್ದರೆ ಮೊದಲು ಈ ನೋಂದಣಿ ಮಾಡಿಸಿ. ಇನ್ನು 2016ರ ಹಕ್ಕುಗಳ ಕಾಯ್ದೆಯ 17ನೇ ಕಲಂ ಪ್ರಕಾರ ನಿಗದಿತ ಪ್ರಮಾಣದ ವಿಕಲತೆ ಇರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು. ಇದು ಯಾರೋ ಮಾಡುವ ಉಪಕಾರ ಅಲ್ಲ. ಅರ್ಜಿ ಬರೆಯುವಾಗ ಕಲಮಿನ ಸಂಖ್ಯೆ ಹಾಕಿ ಬರೆಯಿರಿ.

ನನ್ನನ್ನು ಕಾಡುವ ವಿಷಯ ಫೋನಿನದು. ಮಕ್ಕಳು ಶಾಲೆಗೆ ಫೋನ್ ತರಬಾರದು ಅನ್ನುವ ನಿಯಮ ಉಳಿದವರಿಗೆ ಸರಿ. ಆದರೆ ಆ ಹುಡುಗಿಗೆ ಫೋನ್ ಅಂದರೆ ಪುಸ್ತಕ, ಪೆನ್ನು, ನಿಘಂಟು ಎಲ್ಲ. ಮನೆಯಲ್ಲಿ ಓದಬಲ್ಲ ಹುಡುಗಿ ಶಾಲೆಯ ಗೇಟಿನೊಳಗೆ ಬಂದ ಕೂಡಲೇ ಇನ್ನೊಬ್ಬರು ಓದಿ ಹೇಳುವುದನ್ನು ಕಾಯುತ್ತಾ ಕೂರಬೇಕು. ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದೆ. ಅವರು ಇಲ್ಲ ಅನ್ನಲಿಲ್ಲ. ಫೋನ್ ಅವರ ಕೋಣೆಯಲ್ಲಿರಲಿ, ಸಮಾಜ ವಿಜ್ಞಾನ ಮತ್ತು ಕನ್ನಡದ ಪೀರಿಯಡ್‌ಗೆ ಇಯರ್‌ಫೋನ್ ಜೊತೆ ತೆಗೆದುಕೊಂಡು ಹೋಗಲಿ ಅಂತ ಒಪ್ಪಿದರು. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತಾಳೆ, ಇನ್ನೊಂದು ಕಿವಿ ತರಗತಿಗೆ. ಇದಕ್ಕೆ ಬರವಣಿಗೆಯಲ್ಲಿ ಅನುಮತಿ ಬೇಕು. ನನ್ನ ಇಂಟರ್ನ್‌ಶಿಪ್ ಮುಗಿದ ಮೇಲೂ ಅದು ನಿಲ್ಲಬಾರದು ಅಂತ ಬಿಐಇಆರ್‌ಟಿ ಸರ್ ಮೂಲಕ ಒಂದು ಪತ್ರ ಕೊಟ್ಟಿದ್ದೇವೆ.

ಸದ್ಯಕ್ಕೆ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ನೋಟ್ಸನ್ನು ಪಾಠ ಪಾಠವಾಗಿ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ, ಹೆಡಿಂಗ್ ಹಾಕಿ, ಅನುಸ್ವಾರ ನೋಡಿ, ಪ್ರತಿ ನಕ್ಷೆಗೂ ವಿವರಣೆ ಬರೆದು. ಇಬ್ಬರು ಗೆಳತಿಯರು ವಿಜ್ಞಾನದ್ದು ಶುರು ಮಾಡಿದ್ದಾರೆ. ಫೈಲ್ ಮುಗಿದ ಮೇಲೆ ಮಾನಿಟರ್ ಆಫ್ ಮಾಡಿ ಎನ್‌ವಿಡಿಎಯಲ್ಲಿ ಪೂರ್ತಿ ಕೇಳುತ್ತೇವೆ. ಕೇಳಿ ಅರ್ಥವಾದರೆ ಮಾತ್ರ ಅವಳಿಗೆ ಕಳಿಸುತ್ತೇವೆ. ನಿಮ್ಮಲ್ಲಿ ಯಾರಾದರೂ ಬೇರೆ ತರಗತಿಯ ನೋಟ್ಸ್ ಹೀಗೆ ಮಾಡಿದ್ದರೆ ದಯವಿಟ್ಟು ತಿಳಿಸಿ. ಮಾಡಿದ್ದನ್ನೇ ಮತ್ತೆ ಟೈಪ್ ಮಾಡುವ ಬದಲು ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ.